ಬಲೂನಿನ ಬಾಯಿ

ಶೇವಂತಾಬಾಯಿ ತೋಡಣಕರ್ ‘ನುಂಗ್ರಿ’ ಎಂದರೆ ರೋಗಿ ಮಾತ್ರವಲ್ಲ, ಆ ಕೋಣೆಯಲ್ಲಿದ್ದವರೆಲ್ಲರೂ ನುಂಗುತ್ತಿದ್ದರು. ರೋಗಿಯ ಮೂಗಿನ ಹೊಳ್ಳೆಯೊಳಗೆ ಸಣ್ಣ ನಳಿಕೆಯ ತುದಿ ಕಾದು ನಿಂತಿರುತ್ತಿತ್ತು. ಆಕೆಯ ಎಡಗೈ ಅವನ ಬೆನ್ನ ಮೇಲೆ, ಬಲಗೈಯ ಮೂರು ಬೆರಳು ನಳಿಕೆಯ ಮೇಲೆ, ದೃಷ್ಟಿ ಮಾತ್ರ ಅವನ ಗಂಟಲಿನ ಗಂಟಿನ ಮೇಲೆ. ಆ ಗಂಟು ಮೇಲೇರುವುದಕ್ಕೆ ಕ್ಷಣಾರ್ಧ ಮುಂಚೆ ಆ ಒಂದೇ ಮಾತು ಹೊರಡುತ್ತಿತ್ತು. ಕಿಟಕಿಯ ಪಕ್ಕ ಕೂತು ಚೀಟಿ ಬರೆಯುತ್ತಿದ್ದ ನಾನು ನುಂಗುತ್ತಿದ್ದೆ, ಬಾಗಿಲಿಗೆ ಒರಗಿ ನಿಂತ ರೋಗಿಯ ತಮ್ಮ ನುಂಗುತ್ತಿದ್ದ, ನೆಲ ಒರೆಸುತ್ತಿದ್ದ ಆಯಾ ಕೈಯಲ್ಲಿನ ಬಟ್ಟೆ ನಿಲ್ಲಿಸಿ ನುಂಗುತ್ತಿದ್ದಳು. ನಮ್ಮ ವಿಭಾಗದ ಮುಖ್ಯಸ್ಥರಾದ ಡಾಕ್ಟರ್ ಗುಪ್ತೆಯವರು, ಇಂಗ್ಲೆಂಡಿನಲ್ಲಿ ಕಲಿತು ಬಂದವರು, ಯಾವ ಮಾತಿಗೂ ಸುಲಭವಾಗಿ ತಲೆಬಾಗದವರು, ಅವರೂ ಒಮ್ಮೆ ಹಾಗೆ ನುಂಗಿದ್ದನ್ನು ನಾನು ಕಣ್ಣಾರೆ ಕಂಡು, ಅವರು ನನ್ನತ್ತ ತಿರುಗುವ ಮುನ್ನ ಕಾಗದದೊಳಗೆ ಮುಖ ಹುದುಗಿಸಿಕೊಂಡಿದ್ದೆ.

ಧಾರವಾಡದಿಂದ ಹೊರಟ ನಾನು ಪರೇಲಿನ ಆ ಎದೆರೋಗದ ಆಸ್ಪತ್ರೆಗೆ ಕಿರಿಯ ವೈದ್ಯನಾಗಿ ಸೇರಿದ್ದು ಅರವತ್ತೇಳರಲ್ಲಿ. ಎರಡು ವರ್ಷ ಇದ್ದು ಹೋಗೋಣವೆಂದು ಬಂದವನು ಮೂವತ್ತೊಂದು ವರ್ಷ ಇದ್ದೆ. ಸುತ್ತ ಗಿರಣಿಗಳು, ಗಿರಣಿಯ ಭೋಂಗಾ ಕೂಗಿದರೆ ಗಡಿಯಾರ ನೋಡದೆ ಹೊತ್ತು ತಿಳಿಯುತ್ತಿದ್ದ ಕಾಲ. ನಮ್ಮ ರೋಗಿಗಳೆಲ್ಲ ಹತ್ತಿಯ ಧೂಳು ಕುಡಿದವರು. ಅವರ ಕೂದಲಲ್ಲಿ, ಹುಬ್ಬಿನಲ್ಲಿ, ಅಂಗಿಯ ಮಡಿಕೆಯಲ್ಲಿ ಬಿಳಿ ನವಿರು ಅಂಟಿಕೊಂಡೇ ಇರುತ್ತಿತ್ತು. ಅವರು ಶೇವಂತಾಬಾಯಿಗೆ ಇಟ್ಟ ಹೆಸರು ‘ಫುಗ್ಯಾಚಿ ಬಾಯಿ’, ಅಂದರೆ ಬಲೂನಿನ ಬಾಯಿ; ಮರಾಠಿಯಲ್ಲಿ ಬಾಯಿ ಎಂದರೆ ಹೆಂಗಸು. ಮೊದಲ ದಿನ ಈ ಹೆಸರು ಕೇಳಿದಾಗ ನನ್ನ ಕನ್ನಡದ ಕಿವಿಗೆ ಅದು ಊದುವ ಬಾಯಾಗಿ ಕೇಳಿಸಿ ನಗು ಬಂದಿತ್ತು. ಆಮೇಲಾಮೇಲೆ ಆ ತಪ್ಪು ಅರ್ಥವೇ ಹೆಚ್ಚು ಸರಿಯೆಂದು ತೋರತೊಡಗಿತು.

ಆಕೆ ಉಡುತ್ತಿದ್ದದ್ದು ಒಂಬತ್ತು ಗಜದ ಕಚ್ಚೆಸೀರೆ. ಅದರ ಮೇಲೆ ಗಂಡಸರ ಬಿಳಿ ಕೋಟು. ಆ ಕೋಟು ಆಫ್ರಿಕಾಕ್ಕೆ ಹೊರಟುಹೋದ ಹಳೆಯ ತಂತ್ರಜ್ಞನದು. ಹೊಸದನ್ನು ಹೊಲಿಸಿಕೊಡುತ್ತೇವೆಂದು ಆಸ್ಪತ್ರೆಯವರು ಎಷ್ಟು ಸಲ ಹೇಳಿದರೂ ಒಪ್ಪದೆ, ತೋಳುಗಳನ್ನು ಎರಡೆರಡು ಸಲ ಮಡಚಿ, ಮೊಳಕಾಲಿನ ಕೆಳಗೆ ಇಳಿಯುತ್ತಿದ್ದ ಅಂಚನ್ನು ತಾನೇ ಹೊಲಿದು ಗಿಡ್ಡ ಮಾಡಿಕೊಂಡು, ಇಪ್ಪತ್ತು ವರ್ಷ ಅದನ್ನೇ ತೊಟ್ಟಳು. ಅದರ ಜೇಬಿನಲ್ಲಿ ರೇಷ್ಮೆ ದಾರದ ಉಂಡೆ, ಅರ್ಧ ಬ್ಲೇಡು, ಒಂದು ಸೂಜಿ, ಸಕ್ಕರೆಯ ಪೊಟ್ಟಣ ಸದಾ ಇರುತ್ತಿದ್ದವು. ಬಲಗಾಲನ್ನು ತುಸು ಹೊರಕ್ಕೆ ಎಸೆದು ನಡೆಯುವ ನಡಿಗೆ. ಆಕೆಗಿಂತ ಮೊದಲು ಚಪ್ಪಲಿಯ ಸದ್ದು ಬರುತ್ತಿತ್ತು. ಮಾತಿನ ಕೊನೆಗೆ ‘ಹೌದಿಲ್ಲೋ?’ ಎಂದು ಕೇಳುವ ಅಭ್ಯಾಸ. ಉತ್ತರಕ್ಕಾಗಿ ಕಾಯುವ ಅಭ್ಯಾಸ ಮಾತ್ರ ಇರಲಿಲ್ಲ. ಅವಳ ಮಾತು ಕೊಂಕಣದ ಕರಾವಳಿಯ ಮರಾಠಿ. ಈಗ ನೆನಪಿನಲ್ಲಿ ಅದು ನಮ್ಮ ಕಡೆಯ ಆಡುಮಾತಾಗಿಯೇ ಕೇಳಿಸುತ್ತದೆ; ಹಾಗೆಯೇ ಬರೆಯುತ್ತೇನೆ.

ಪುಪ್ಪುಸ ಎಷ್ಟು ಬಿಗಿದುಕೊಂಡಿದೆ, ಉಸಿರಿನ ದಾರಿ ಎಷ್ಟು ಇಕ್ಕಟ್ಟಾಗಿದೆ ಎಂದು ಖಚಿತವಾಗಿ ತಿಳಿಯಬೇಕಾದರೆ ಎದೆಗೂಡಿನ ಒಳಗಿನ ಒತ್ತಡ ಗೊತ್ತಾಗಬೇಕು. ಅದಕ್ಕಾಗಿ ಪಕ್ಕೆಲುಬಿನ ನಡುವೆ ಸೂಜಿ ಚುಚ್ಚುವುದು ಅಪಾಯ. ಆದರೆ ಅನ್ನನಾಳ ಎರಡು ಪುಪ್ಪುಸಗಳ ನಡುವೆಯೇ ಇಳಿದು ಹೋಗುತ್ತದೆ, ಅದರ ಗೋಡೆ ಮೆತ್ತನೆಯದು, ಎದೆಯೊಳಗಿನ ಏರಿಳಿತವೆಲ್ಲ ಅದರೊಳಗೂ ಮೂಡುತ್ತದೆ. ಬೆರಳುದ್ದದ ತೆಳು ರಬ್ಬರಿನ ಬಲೂನನ್ನು ನಳಿಕೆಯ ತುದಿಗೆ ಕಟ್ಟಿ, ಮೂಗಿನಿಂದ ಇಳಿಸಿ, ಅದರೊಳಗೆ ಚಿಟಿಕೆಯಷ್ಟು ಗಾಳಿ ಬಿಟ್ಟರೆ, ಹೊರಗಿನ ಯಂತ್ರದ ಲೇಖನಿ ಆ ಒತ್ತಡವನ್ನು ಓಡುವ ಕಾಗದದ ಮೇಲೆ ಗೆರೆಯಾಗಿ ಬರೆಯುತ್ತದೆ. ಇಷ್ಟನ್ನು ನಾನು ರೋಗಿಗಳಿಗೆ ವಿವರಿಸಿ ಮುಗಿಸುವುದರೊಳಗೆ ಅವರು ಬಾಗಿಲು ಯಾವ ಕಡೆ ಇದೆಯೆಂದು ನೋಡಿಕೊಳ್ಳುತ್ತಿದ್ದರು. ಶೇವಂತಾಬಾಯಿಯ ವಿವರಣೆ ಬೇರೆ.

“ನೀವು ಚಾಳಿನ್ಯಾಗ ಇರ್ತೀರಿ, ಹೌದಿಲ್ಲೋ? ಪಕ್ಕದ ಖೋಲ್ಯಾಗ ಗಂಡ ಹೆಂಡ್ತಿ ಜಗಳಾಡಿದ್ರ ನೀವೇನು ಅವರ ಬಾಗಿಲಾ ಮುರದು ಒಳಗ ಹೋಗ್ತೀರೇನು? ನಿಮ್ಮ ಗ್ವಾಡಿಗೆ ಕಿವಿ ಹಚ್ಚಿದ್ರ ಎಲ್ಲಾ ಕೇಳಸ್ತದ. ಅನ್ನ ಹೋಗೋ ಕೊಳವಿ ನಿಮ್ಮ ಖೋಲಿ, ಉಸಿರು ಪಕ್ಕದ ಮನಿ. ನಾ ಗ್ವಾಡಿಗೆ ಕಿವಿ ಹಚ್ಚಾಕಿ, ಅಷ್ಟ.”

ಚಾಳಿನ ವಠಾರದಲ್ಲಿ ಹತ್ತು ಅಡಿಯ ಕೋಣೆಯಲ್ಲಿ ಎಂಟು ಜನ ಮಲಗುವ ಅವರಿಗೆ ಇದಕ್ಕಿಂತ ಸ್ಪಷ್ಟವಾದ ಶರೀರಶಾಸ್ತ್ರ ಬೇಕಿರಲಿಲ್ಲ. “ಖರೇ ಐತಿ ಬಾಯಿ, ನಮ್ಮ ಪಕ್ಕದ ಮನಿಯವ್ರು ಉಸಿರಾಡಿದ್ರೂ ಕೇಳಸ್ತದ” ಎಂದು ನಕ್ಕು, ಮೂಗು ಮುಂದೆ ಚಾಚುತ್ತಿದ್ದರು.

ನಾನು ಸೇರಿದ ಮೂರನೆಯ ದಿನ, ಬಾಯಿ ಇನ್ನೂ ಬಂದಿರಲಿಲ್ಲವೆಂದು, ಸಾತಾರದ ಕಡೆಯ ನೂಲುವವನೊಬ್ಬನಿಗೆ ನಾನೇ ನಳಿಕೆ ಇಳಿಸಲು ಹೋದೆ. ಅವನು ಓಕರಿಸಿದ, ಕಣ್ಣು ಕೆಂಪಾದವು, ನನ್ನ ಕೈ ತಳ್ಳಿ, ಅರ್ಧ ಇಳಿದ ನಳಿಕೆಯನ್ನು ಮೂಗಿನಿಂದ ಜೋತಾಡಿಸಿಕೊಂಡೇ ಪಡಸಾಲೆಯುದ್ದಕ್ಕೂ ಓಡಿದ. ಎದುರಿಗೆ ಬರುತ್ತಿದ್ದ ಶೇವಂತಾಬಾಯಿ ಅವನನ್ನು ಭುಜ ಹಿಡಿದು ನಿಲ್ಲಿಸಿ, ನಳಿಕೆಯನ್ನು ಮೆಲ್ಲನೆ ತೆಗೆದು, ಕೈಹಿಡಿದು ಮರಳಿ ಕರೆತಂದಳು. ಅವನನ್ನು ಕೂರಿಸಿ, ಬೆಚ್ಚನೆಯ ನೀರಿಗೆ ಚಿಟಿಕೆ ಸಕ್ಕರೆ ಹಾಕಿ ಕೊಟ್ಟು, ನನ್ನ ಕಡೆ ತಿರುಗಿದಳು.

“ಡಾಕ್ಟರೇ, ನೀವು ತಳ್ಳಾಕತ್ತೀರಿ. ತಳ್ಳಿದ್ರ ಯಾರ ಗಂಟಲಾ ತೆರೀತದ? ಅದನ್ನ ಕರೀಬೇಕು.”

ಕರೆಯುವುದು ಹೇಗೆಂದು ಆ ದಿನವೇ ನೋಡಿದೆ. ಪರೀಕ್ಷೆಗೆ ಬರುವವರು ನಾಲ್ಕು ಗಂಟೆ ಉಪವಾಸವಿರಬೇಕೆಂಬುದು ನಿಯಮ. ಆ ಹಸಿವನ್ನೇ ಆಕೆ ಆಯುಧ ಮಾಡಿಕೊಂಡಿದ್ದಳು. ಮೊದಲು ಊರು ಕೇಳುವುದು. ದೇವಗಡವೆಂದರೆ, “ಅಯ್ಯ, ನಮ್ಮ ಕಡೆಯವ್ರ! ಈಗ ಅಲ್ಲಿ ಬಂಗಡೆ ಬಂದಿರಬೇಕು, ಹೌದಿಲ್ಲೋ? ನಿಮ್ಮವ್ವ ಸಾರಿಗೆ ತಿರಫಳಾ ಹಾಕ್ತಾಳೋ ಇಲ್ಲೋ? ಮರುದಿನ ಆ ಸಾರು ಹೆಂಗಿರ್ತದ, ಗಟ್ಟಿಯಾಗಿ, ಅನ್ನದ ಮ್ಯಾಲೆ...” ಎಂದು ಅಲ್ಲಿಗೇ ನಿಲ್ಲಿಸುವುದು. ಸಾತಾರದವನಾದರೆ ಒಲೆಯ ಮೇಲಿಂದ ಆಗತಾನೆ ಇಳಿದ ಭಾಕರಿ, ಗುದ್ದಿ ಒಡೆದ ಈರುಳ್ಳಿ, ಹಸಿಮೆಣಸಿನ ಠೇಚಾ, ಅದರ ಮೇಲೆ ಶೇಂಗಾ ಎಣ್ಣೆ. ಉತ್ತರದ ಭೈಯಾಗಳಿಗೆ ಏನು ಹೇಳಬೇಕೆಂಬುದನ್ನೂ ಅವರವರಿಂದಲೇ ಕೇಳಿ ಕಲಿತಿದ್ದಳು. ರೋಗಿಯ ಬಾಯಲ್ಲಿ ನೀರೂರುತ್ತಿತ್ತು, ನೀರೂರಿದ ಬಾಯಿ ನುಂಗದೆ ಇರಲಾರದು, ಗಂಟಲಿನ ಗಂಟು ಅಲುಗುತ್ತಿತ್ತು, “ನುಂಗ್ರಿ!” ಒಮ್ಮೆ ಒಬ್ಬ ವಾರಕರಿ ಮುದುಕ, ಕೊರಳಲ್ಲಿ ತುಳಸಿಮಾಲೆ, ಇವತ್ತು ಏಕಾದಶಿ, ಊಟದ ಮಾತೇ ಆಡಬೇಡಿ ಎಂದು ಕೈಮುಗಿದ. ಶೇವಂತಾಬಾಯಿ ಒಂದು ಗಳಿಗೆ ಯೋಚಿಸಿ, “ಆತು ಕಾಕಾ, ಇವತ್ತಿನ ಮಾತು ಬ್ಯಾಡ. ನಾಳೆ ಪಾರಣೆಗೆ ಏನು ಮಾಡಸ್ತೀರಿ?” ಎಂದಳು. ಮುದುಕ ನಗುತ್ತ ನಗುತ್ತ ಬಲೂನನ್ನು ಹೊಟ್ಟೆಯವರೆಗೆ ಇಳಿಸಿಕೊಂಡ.

ಪ್ರತಿ ಸೋಮವಾರ ಬೆಳಿಗ್ಗೆ ಎಂಟಕ್ಕೆ, ರೋಗಿಗಳು ಬರುವ ಮೊದಲು, ಆಕೆ ತಾನೇ ಒಂದು ಬಲೂನು ನುಂಗುತ್ತಿದ್ದಳು. ವಾರದ ಯಂತ್ರಪರೀಕ್ಷೆಗೆ ಆರೋಗ್ಯವಂತರೊಬ್ಬರ ಗೆರೆ ಬೇಕಾಗುತ್ತಿತ್ತು. ಆ ಆರೋಗ್ಯವಂತರು ಯಾವಾಗಲೂ ಆಕೆಯೇ. ಗೆರೆ ತೆಗೆದಾದ ಮೇಲೂ ನಳಿಕೆಯನ್ನು ತೆಗೆಯದೆ, ಕೆನ್ನೆಗೆ ಪಟ್ಟಿ ಅಂಟಿಸಿಕೊಂಡು, ಅದರ ಬಾಲವನ್ನು ಕೋಟಿನ ಮೇಲಿನ ಜೇಬಿಗೆ ಸಿಕ್ಕಿಸಿ, ಪಡಸಾಲೆಯಲ್ಲಿ ಕಾದು ಕೂತ ಹೊಸಬರ ನಡುವೆ ಓಡಾಡುತ್ತಿದ್ದಳು, ಅವರ ಹೆಸರು ಕೇಳುತ್ತಿದ್ದಳು, ಬೈಯುತ್ತಿದ್ದಳು, ನಗುತ್ತಿದ್ದಳು. ಮೂಗಿನಲ್ಲಿ ನಳಿಕೆ ಇದ್ದೂ ಇಷ್ಟು ಜೋರಾಗಿ ಬೈಯಬಹುದಾದರೆ ಹೆದರಬೇಕಾದ್ದೇನೂ ಇಲ್ಲವೆಂದು ಅವರಿಗೆ ತಾನಾಗಿ ತಿಳಿಯುತ್ತಿತ್ತು. ಗುಪ್ತೆಯವರು ಒಂದು ವಿದೇಶಿ ಪತ್ರಿಕೆಯಲ್ಲಿ ನಮ್ಮ ಅಧ್ಯಯನ ಪ್ರಕಟಿಸಿದಾಗ ಅದರ ಕೋಷ್ಟಕದ ಮೊದಲ ಸಾಲಿನಲ್ಲಿ ‘ಶೇ. ತೋ., ಸ್ತ್ರೀ, ನಲವತ್ತು, ಆರೋಗ್ಯವಂತೆ’ ಎಂದಿತ್ತು. ಉಳಿದ ಎಂಬತ್ತಾರು ಜನರ ರೋಗವೆಲ್ಲ ಆ ಒಂದು ಸಾಲಿನ ಎದುರು ಅಳೆದದ್ದು. ನಾನು ಆ ಪುಟ ತೋರಿಸಿ, ನಿಮ್ಮ ಪೂರ್ತಿ ಹೆಸರು ಹಾಕಬೇಕಿತ್ತು ಎಂದೆ. “ಹೆಸರು ತಗೊಂಡು ಏನು ಮಾಡ್ಲಿ? ವಯಸ್ಸು ನೋಡ್ರಿ, ಎರಡು ವರ್ಷ ಜಾಸ್ತಿ ಬರದಾರ” ಎಂದು ಮುಖ ಊದಿಸಿಕೊಂಡಳು.

ಒಂದು ಮಳೆಗಾಲದಲ್ಲಿ ಹೊರದೇಶದಿಂದ ಬರುತ್ತಿದ್ದ ಬಲೂನುಗಳು ನಿಂತುಹೋದವು. ಎರಡು ವಾರ ಕೋಣೆ ಖಾಲಿ ಬಿತ್ತು. ಮೂರನೆಯ ವಾರ ಶೇವಂತಾಬಾಯಿ ಬಿಳಿ ಕೋಟು ತೊಟ್ಟು, ಪಕ್ಕದ ರಸ್ತೆಯ ಕುಟುಂಬ ಯೋಜನೆಯ ಕೇಂದ್ರಕ್ಕೆ ಹೋಗಿ, ನಾಲ್ಕು ಡಬ್ಬಿ ನಿರೋಧ್ ಬೇಕೆಂದು ಕೇಳಿದಳು. ಅಲ್ಲಿನ ಗುಮಾಸ್ತ ಆಕೆಯ ಬರಿಯ ಹಣೆ ನೋಡಿ, ಕೋಟು ನೋಡಿ, ಮತ್ತೆ ಹಣೆ ನೋಡಿ, ದನಿ ತಗ್ಗಿಸಿ “ಯಾರಿಗ್ರೀ ಬಾಯಿ?” ಎಂದನಂತೆ.

“ಗಿರಣಿಯ ಗಂಡಸರಿಗೆ.”

“ಎಷ್ಟು ಮಂದಿಗೆ?”

“ವಾರಕ್ಕ ಎಂಟು ಮಂದಿ. ಯಾಕ, ನಿಮಗೂ ಒಂದು ನುಂಗಸಲೇನು?”

ಮುಂದಿನ ಸೋಮವಾರ ಮೂಗಿನಲ್ಲಿ ನಳಿಕೆ ಇಟ್ಟುಕೊಂಡೇ ಆಕೆ ಈ ಪ್ರಸಂಗವನ್ನು ನಗದೆ ಹೇಳಿದಳು. ಹೇಳಿ ಮುಗಿಸಿದ ಮೇಲೆ ಎಷ್ಟು ನಕ್ಕಳೆಂದರೆ ಆ ದಿನ ತೆಗೆದ ಗೆರೆಗಳೆಲ್ಲ ಅಲುಗಿಹೋಗಿದ್ದವು. ಆ ರಬ್ಬರನ್ನು ತೊಳೆದು, ಕತ್ತರಿಸಿ, ರೇಷ್ಮೆ ದಾರದಿಂದ ನಳಿಕೆಗೆ ಸುತ್ತಿ, ನೀರಿನಲ್ಲಿ ಮುಳುಗಿಸಿ ಗುಳ್ಳೆ ಏಳುವುದೋ ಎಂದು ಪರೀಕ್ಷಿಸಿ, ಆಕೆ ಕಟ್ಟಿದ ಬಲೂನುಗಳು ಹೊರದೇಶದವಕ್ಕಿಂತ ಹೆಚ್ಚು ಬಾಳಿದವು. ಅವನ್ನು ಮೊದಲು ನುಂಗಿ ನೋಡಿದ್ದೂ ಆಕೆಯೇ.

ಆದರೆ ನಾನು ಈ ಚಿತ್ರ ಬರೆಯಲು ಕೂತದ್ದು ಭಿಕಾಜಿ ಸಾಟಮನ ಕಾರಣದಿಂದ.

ಭಿಕಾಜಿ ಒಂದು ಗಿರಣಿಯ ಕಾರ್ಡಿಂಗ್ ಖಾತೆಯಲ್ಲಿ, ಅಂದರೆ ಹತ್ತಿಯನ್ನು ಬಾಚುವ ಯಂತ್ರಗಳ ನಡುವೆ, ಹದಿನೆಂಟು ವರ್ಷ ದುಡಿದವನು. ನಲವತ್ತೆರಡರ ವಯಸ್ಸಿಗೆ ಒಂದು ಮಹಡಿ ಹತ್ತಿದರೆ ಕಂಬ ಹಿಡಿದು ನಿಲ್ಲುತ್ತಿದ್ದ. ಹತ್ತಿಯ ಧೂಳಿನ ರೋಗಕ್ಕೆ ಒಂದು ವಿಚಿತ್ರ ಲಕ್ಷಣವಿದೆ: ಭಾನುವಾರದ ರಜೆಯಲ್ಲಿ ಎದೆ ಹಗುರಾಗುತ್ತದೆ, ಸೋಮವಾರ ಮತ್ತೆ ಧೂಳಿಗೆ ಹೋದೊಡನೆ ಬಿಗಿದುಕೊಳ್ಳುತ್ತದೆ. ಇದು ವೈದ್ಯರಿಗೆ ಗೊತ್ತು. ಗಿರಣಿಯ ಮೇಸ್ತ್ರಿಗಳಿಗೆ ಕಾಣುವುದು ಮಾತ್ರ ಬೇರೆ: ರಜೆಯಲ್ಲಿ ಗಟ್ಟಿಮುಟ್ಟಾಗಿ ತಿರುಗಾಡಿದವನು ಸೋಮವಾರ ಎದೆ ಹಿಡಿದುಕೊಂಡು ಬರುತ್ತಾನೆ. ‘ಸೋಮವಾರದ ಸೋಗು’ ಎಂದು ಅದಕ್ಕೆ ಹೆಸರಿಟ್ಟಿದ್ದರು. ಭಿಕಾಜಿ ಧೂಳಿಲ್ಲದ ಘಡಿ ಖಾತೆಗೆ, ಬಟ್ಟೆ ಮಡಿಸುವ ಕೆಲಸಕ್ಕೆ, ವರ್ಗ ಕೇಳಿದ್ದ. ಗಿರಣಿಯ ವೈದ್ಯ ಡಾಕ್ಟರ್ ರೇಗೆ ಅವನನ್ನು ಊದುವ ಯಂತ್ರಕ್ಕೆ ಊದಿಸಿದರು. ಒಮ್ಮೆ ಒಂದು ಅಂಕೆ, ಇನ್ನೊಮ್ಮೆ ಅದಕ್ಕಿಂತ ಕಡಿಮೆ, ಮೂರನೆಯ ಸಲ ಇನ್ನೂ ಕಡಿಮೆ. ರೇಗೆ ‘ಮನಸ್ಸಿಟ್ಟು ಊದುತ್ತಿಲ್ಲ, ನಟನೆ’ ಎಂದು ಬರೆದರು. ಸುಳ್ಳು ರೋಗ ಹೇಳಿದವನಿಗೆ ವರ್ಗವಲ್ಲ, ಕೆಲಸವೇ ಉಳಿಯುವುದಿಲ್ಲ. ಕಾರ್ಮಿಕ ಸಂಘದವರು ಗಲಾಟೆ ಮಾಡಿದ ಮೇಲೆ ನಮ್ಮಲ್ಲಿ ಬಲೂನಿನ ಪರೀಕ್ಷೆ ನಡೆಯಬೇಕು, ಗುಪ್ತೆ ಮತ್ತು ರೇಗೆ ಇಬ್ಬರೂ ಅದಕ್ಕೆ ಸಹಿ ಹಾಕಬೇಕು ಎಂದಾಯಿತು.

ಊದುವ ಯಂತ್ರಕ್ಕೆ ಹೊರಬಂದ ಗಾಳಿ ಮಾತ್ರ ಗೊತ್ತು. ಅದನ್ನು ಹೊರಹಾಕಲು ಮನುಷ್ಯ ಒಳಗೆ ಎಷ್ಟು ಒತ್ತಿದ ಎಂಬುದು ಗೊತ್ತಿಲ್ಲ. ಅದನ್ನು ಹೇಳಬಲ್ಲದ್ದು ಅನ್ನನಾಳದ ಬಲೂನು ಒಂದೇ. ಆದರೆ ಭಿಕಾಜಿಗೆ ನುಂಗಲಾಗಲಿಲ್ಲ. ಮೊದಲ ವಾರ ಓಕರಿಸಿ ಎದ್ದುಹೋದ. ಎರಡನೆಯ ವಾರ ರೇಗೆಯವರ ಮುಖ ಕಂಡೊಡನೆ ಅವನ ಗಂಟಲು ಕಲ್ಲಾಯಿತು. “ನೋಡಿ ಗುಪ್ತೆ, ಇವನಿಗೆ ಪರೀಕ್ಷೆಯೇ ಬೇಡವಾಗಿದೆ” ಎಂದು ರೇಗೆ ಗಡಿಯಾರ ನೋಡಿಕೊಂಡರು. ಇನ್ನೊಂದೇ ಅವಕಾಶ ಎಂದಾಯಿತು.

ಮೂರನೆಯ ಸಲ ಅವನು ಬಂದಾಗ ಶೇವಂತಾಬಾಯಿ ಗುಪ್ತೆ, ರೇಗೆ, ನಾನು, ಹೀಗೆ ನಮ್ಮ ಮೂವರನ್ನೂ ಯಂತ್ರದ ಹಿಂದಕ್ಕೆ ಸರಿಯಲು ಹೇಳಿ, ನಮ್ಮ ಮುಂದೆ ಬಟ್ಟೆಯ ಪರದೆ ಎಳೆದಳು. ಮಾತೆಲ್ಲ ಕೇಳಿಸುತ್ತಿತ್ತು, ಪರದೆಯ ಸಂದಿನಿಂದ ಅವನ ಬೆನ್ನೂ ಆಕೆಯ ಮುಖವೂ ಕಾಣುತ್ತಿದ್ದವು.

“ಭಿಕಾಜಿಭಾವೂ, ಊರಿಗೆ ಯಾವಾಗ ಹೋಗಿದ್ರಿ?”

“ಬ್ಯಾಡ್ರೀ ಬಾಯಿ. ಮೀನಿನ ಸಾರಿನ ಮಾತು ತಗೀಬ್ಯಾಡ್ರಿ. ನನಗ ಯಾವುದೂ ರುಚಿ ಹತ್ತವಲ್ದು.”

“ಮತ್ತ ಏನು ಮಾತಾಡೋಣು?”

“ಏನೂ ಬ್ಯಾಡ. ಇಂವ ಸುಳ್ಳ ಅಂತ ಬರದು ಕೊಟ್ಟುಬಿಡ್ರಿ. ಮೇಸ್ತ್ರಿ ಅಂತಾನ, ಡಾಕ್ಟರ್ ಅಂತಾರ, ಈಗ ಮನ್ಯಾಗೂ ಅನ್ನಾಕತ್ತಾರ.”

ಅವನ ಬೆನ್ನು ಸವರುತ್ತಿದ್ದ ಆಕೆಯ ಎಡಗೈ ನಿಂತಿತು.

“ಮನ್ಯಾಗ ಯಾರು ಅಂದ್ರು?”

“ಮತ್ಯಾರು? ಆಕಿನ. ‘ನಿನ್ನೆ ಚಂದಂಗ ಕುಂತು ಇಸ್ಪೀಟ್ ಆಡಿದ್ರಿ, ಇವತ್ತ ಎಲ್ಲಿಂದ ಬಂತು ರೋಗ’ ಅಂದ್ಲು. ಆಕೀದೂ ತಪ್ಪಿಲ್ಲ ಬಿಡ್ರಿ. ನನಗ ನನ್ನ ಮ್ಯಾಲೇ ಸಂಶೆ ಬರಾಕತ್ತದ.”

ಶೇವಂತಾಬಾಯಿ ಕೈಯಲ್ಲಿದ್ದ ನಳಿಕೆಯನ್ನು ಟ್ರೇಯಲ್ಲಿಟ್ಟಳು. ಆರು ವರ್ಷ ಆಕೆಯ ಜೊತೆ ಕೆಲಸ ಮಾಡಿದ್ದೆ. ಆಕೆ ವಿಧವೆಯೆಂದು, ಮಗಳೊಬ್ಬಳು ಸಾವಂತವಾಡಿಯಲ್ಲಿದ್ದಾಳೆಂದು, ಮೊದಲು ಇಲ್ಲಿ ಆಯಾ ಆಗಿದ್ದವಳಿಗೆ ಗುಪ್ತೆಯವರೇ ಯಂತ್ರದ ಕೆಲಸ ಕಲಿಸಿದರೆಂದು ಬಲ್ಲೆ. ಅದಕ್ಕೂ ಹಿಂದಿನದನ್ನು ಆಕೆ ಯಾರೆದುರೂ ಎತ್ತಿದವಳಲ್ಲ. ಈಗ ಆಡಿದ ಮಾತು ಅವನೊಬ್ಬನಿಗಾಗಿ, ಮೆಲ್ಲಗೆ.

“ನಮ್ಮ ಮನಿಯವ್ರೂ ಕಾರ್ಡಿಂಗ್‌ನ್ಯಾಗ ಇದ್ರು. ಹತ್ತು ವರ್ಷ. ಆದಿತವಾರ ಆರಾಮ ಇರ್ತಿದ್ರು, ಸೋಮವಾರ ಎದಿ ಹಿಡಕೊಂಡು ಕೂಡ್ತಿದ್ರು. ಒಂದು ಸೋಮವಾರ ಮುಂಜಾನೆ, ‘ಇವತ್ತ ಹೋಗಾಂಗಿಲ್ಲ, ಆಗವಲ್ದು’ ಅಂದ್ರು. ನಾನು, ‘ಸೋಗು ಸಾಕು, ಏಳ್ರಿ’ ಅಂದೆ. ಡಬ್ಬಿ ಕಟ್ಟಿ ಕೈಯಾಗ ಕೊಟ್ಟೆ. ಎದ್ದು ಹೋದ್ರು.”

“ಅವತ್ತ...?”

“ಇಲ್ಲ. ಮುಂದ ಎರಡು ವರ್ಷ ಬದುಕಿದ್ರು. ಆದ್ರ ಆ ಎರಡು ವರ್ಷದಾಗ ಒಂದು ದಿನಾನೂ ನನ್ನ ಮುಂದ ಎದಿ ನೋಯ್ತದ ಅನ್ನಲಿಲ್ಲ. ಕೆಮ್ಮು ಬಂದ್ರ ಹೊರಗ ಗ್ಯಾಲರಿಗೆ ಹೋಗಿ ಕೆಮ್ಮಿ ಬರ್ತಿದ್ರು.” ಆಕೆ ನಳಿಕೆಯನ್ನು ಎತ್ತಿಕೊಂಡು ತುದಿಯನ್ನು ಅವನ ಹೊಳ್ಳೆಯೊಳಗಿಟ್ಟಳು. “ನಿಮ್ಮ ಮನಿಯಾಕೀಗೆ ತೋರಸಾಕ ಒಂದು ಕಾಗದಾ ಬೇಕು, ಭಾವೂ. ನನಗ ಯಾರೂ ತೋರಿಸಲಿಲ್ಲ.”

ಬಂದ ಅಳುವನ್ನು ತಡೆದುಕೊಳ್ಳಲು ಭಿಕಾಜಿ ಗಂಟಲು ಬಿಗಿಹಿಡಿದ. ಬಿಗಿಹಿಡಿದದ್ದನ್ನು ಒಳಗೆ ಎಳೆದುಕೊಂಡ. ದುಃಖವನ್ನೂ ಮನುಷ್ಯ ನುಂಗಿಯೇ ತಡೆಯುತ್ತಾನೆ. ಆ ಕ್ಷಣಕ್ಕೆ ಆಕೆಯ ಮೂರು ಬೆರಳು ಮುಂದೆ ಸರಿದವು. ನಾನು ಬಲ್ಲಂತೆ ‘ನುಂಗ್ರಿ’ ಎಂಬ ಮಾತಿಲ್ಲದೆ ಆ ಕೋಣೆಯಲ್ಲಿ ಬಲೂನು ಇಳಿದದ್ದು ಅದೊಂದೇ ಸಲ.

ಪರದೆ ಸರಿಸಿದಳು. ಬಲೂನು ಹೊಟ್ಟೆಗೆ ಹೋಗಿದೆಯೆಂದು ಖಾತ್ರಿಯಾದ ಮೇಲೆ, ಉಸಿರೆಳೆದಾಗ ಗೆರೆ ಕೆಳಗಿಳಿಯುವವರೆಗೆ ನಳಿಕೆಯನ್ನು ಮೆಲ್ಲನೆ ಹಿಂದಕ್ಕೆ ಎಳೆದು, ಇನ್ನೂ ನಾಲ್ಕು ಬೆರಳು ಎಳೆದು, ಕೆನ್ನೆಗೆ ಪಟ್ಟಿ ಹಾಕಿದಳು. ಗೆರೆಯ ಮೇಲೆ ಅವನ ಎದೆಬಡಿತದ ಸಣ್ಣ ಸಣ್ಣ ಅಲೆಗಳು ಕಾಣುತ್ತಿದ್ದವು. ಬಲೂನು ಸರಿಯಾದ ಜಾಗದಲ್ಲಿದೆ. ಬಾಯಿಗೆ ಊದುವ ಕೊಳವೆ ಕೊಟ್ಟಳು. ಎರಡು ಲೇಖನಿಗಳು, ಒಂದು ಒಳಗಿನ ಒತ್ತಡಕ್ಕೆ, ಇನ್ನೊಂದು ಹೊರಬರುವ ಗಾಳಿಗೆ.

ಭಿಕಾಜಿ ಊದಿದ. ಒತ್ತಡದ ಲೇಖನಿ ತೊಂಬತ್ತೈದಕ್ಕೆ ಏರಿತು. ಗಾಳಿಯದು ಹೆಬ್ಬೆರಳಿನಷ್ಟು ಎದ್ದು ಮಲಗಿತು. ಎರಡನೆಯ ಸಲ ನೂರಾ ಎಂಟು. ಗಾಳಿ ಇನ್ನೂ ಕಡಿಮೆ. ಮೂರನೆಯ ಸಲ ಅವನ ಕೊರಳಿನ ನರಗಳು ಹಗ್ಗದಂತೆ ಉಬ್ಬಿದವು, ಕುರ್ಚಿ ಕಿರುಗುಟ್ಟಿತು, ನೂರಾ ಹದಿನೆಂಟು, ಗಾಳಿ ಎಲ್ಲಕ್ಕಿಂತ ಕಡಿಮೆ. ಸೊರಗಿದ ಶ್ವಾಸನಾಳಗಳ ಗುಣವೇ ಅದು: ಹೊರಗಿನಿಂದ ಹೆಚ್ಚು ಒತ್ತಿದಷ್ಟೂ ಅವು ಮುಚ್ಚಿಕೊಳ್ಳುತ್ತವೆ. ಅಂಕೆಗಳು ಇಳಿಯುತ್ತ ಹೋದದ್ದು ಅವನು ಮನಸ್ಸು ಬಿಟ್ಟದ್ದರಿಂದಲ್ಲ. ಪ್ರತಿ ಸಲವೂ ತನ್ನ ರೋಗವನ್ನು ನಂಬಿಸಹೊರಟು ಇನ್ನಷ್ಟು ಬಲ ಹಾಕಿದ್ದರಿಂದ.

ರೇಗೆ ಕಾಗದವನ್ನು ಬಹಳ ಹೊತ್ತು ನೋಡಿದರು. “ಇಷ್ಟು ಒತ್ತಡ ಸಾಧ್ಯವಿಲ್ಲ. ಯಂತ್ರದ ದೋಷವಿರಬೇಕು” ಎಂದರು.

ಗುಪ್ತೆ ಬಾಯಿ ತೆರೆಯುವ ಮೊದಲೇ ಶೇವಂತಾಬಾಯಿ ಟ್ರೇಯಿಂದ ಹೊಸ ಬಲೂನು ತೆಗೆದಿದ್ದಳು. “ಮುಂಜಾನೆ ಏನರ ತಿಂದೀರೇನು, ಡಾಕ್ಟರೇ?”

“ಇಲ್ಲ... ಬರೇ ಚಹಾ.”

“ಹಂಗಾರ ಕುಂದರ್ರಿ.”

ರೇಗೆಯವರ ಬಗ್ಗೆ ಒಂದು ಮಾತು ಹೇಳಲೇಬೇಕು. ಅವರು ಸಿಟ್ಟಾಗಿ ಎದ್ದುಹೋಗಬಹುದಿತ್ತು, ಹೋಗಲಿಲ್ಲ. ಕೋಟು ಕಳಚಿ ಕುರ್ಚಿಯ ಬೆನ್ನಿಗೆ ಹಾಕಿ, ಭಿಕಾಜಿಯ ಪಕ್ಕದ ಸ್ಟೂಲಿನ ಮೇಲೆ ಕೂತರು. ಅವರ ಮೂಗಿನಲ್ಲಿ ನಳಿಕೆ ಇಳಿಯುವಾಗ ಕಣ್ಣಲ್ಲಿ ನೀರು ಬಂತು. “ನುಂಗ್ರಿ!” ಅವರು ನುಂಗಿದರು, ಗುಪ್ತೆ ನುಂಗಿದರು, ನಾನು ನುಂಗಿದೆ, ಕೆನ್ನೆಗೆ ಇನ್ನೂ ಪಟ್ಟಿ ಅಂಟಿದ್ದ ಭಿಕಾಜಿಯೂ ನುಂಗಿದ. ಆರೋಗ್ಯವಂತ, ದಿನಾ ಟೆನ್ನಿಸ್ ಆಡುವ ಆಸಾಮಿ ತನ್ನೆಲ್ಲ ಬಲ ಹಾಕಿ ಊದಿದರು. ಒತ್ತಡ ಎಂಬತ್ತೆರಡು. ಗಾಳಿಯ ಲೇಖನಿ ಕಾಗದದ ಅಂಚಿಗೆ ಹಾರಿ ಬಡಿಯಿತು. ಯಂತ್ರ ಸರಿಯಾಗಿಯೇ ಇತ್ತು.

ರೇಗೆ ಎರಡೂ ಕಾಗದದ ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರು. ಮೂಗಿನಲ್ಲಿ ನಳಿಕೆ ಇದ್ದಂತೆಯೇ ಭಿಕಾಜಿಯ ಕಡೆ ತಿರುಗಿದರು. “ಭಾವೂ, ಇನ್ನ ಮ್ಯಾಲೆ ಇಷ್ಟು ಜೋರು ಹಾಕಬ್ಯಾಡ್ರಿ. ಯಾರು ಹೇಳಿದ್ರೂ ಮೆಲ್ಲಕ ಊದ್ರಿ.” ಅಷ್ಟೇ. ಕ್ಷಮೆಯ ಮಾತು ಇದಕ್ಕಿಂತ ಉದ್ದವಾಗಿರಬೇಕಿಲ್ಲವೆಂದು ನನಗೆ ಆಗಲೂ ಅನಿಸಿತ್ತು. ಸಹಿ ಹಾಕಿ ಹೋದರು.

ಶೇವಂತಾಬಾಯಿ ಭಿಕಾಜಿಯಿಂದ ಇನ್ನೊಮ್ಮೆ, ಮೆಲ್ಲಗೆ, ಊದಿಸಿ, ಆ ಪಟ್ಟಿಯ ಜೊತೆಗೆ ನೂರಾ ಹದಿನೆಂಟರ ಸಲದ ಎರಡೂ ಗೆರೆಗಳನ್ನು ತೆಳು ಕಾಗದದ ಮೇಲೆ ತಾನೇ ತಿದ್ದಿ ತೆಗೆದು, ಮಡಚಿ ಅವನ ಜೇಬಿಗಿಟ್ಟಳು. ವಾರದ ಮೇಲೆ ಅವನ ಹೆಂಡತಿ ಬಂದಳು. ಬಾಗಿಲಲ್ಲಿ ನಿಂತು, ಸೆರಗಿನಿಂದ ಆ ಕಾಗದ ಬಿಡಿಸಿ, “ಇದರಾಗ ಏನದ ಬಾಯಿ? ಅವ್ರು ಹೇಳವಲ್ರು, ನಿಮ್ಮನ್ನ ಕೇಳು ಅಂತಾರ” ಎಂದಳು.

ಶೇವಂತಾಬಾಯಿ ಬೆರಳಿಟ್ಟು ತೋರಿಸಿದಳು. “ಇದು ಅವ್ರು ಹಾಕಿದ ಜೋರು. ಇದು ಹೊರಗ ಬಂದ ಗಾಳಿ.”

ಆ ಹೆಂಗಸು ಒಂದು ಗೆರೆಯಿಂದ ಇನ್ನೊಂದು ಗೆರೆಗೆ ಎರಡು ಮೂರು ಸಲ ಕಣ್ಣಾಡಿಸಿದಳು. ಓದು ಬರಹ ಬಾರದವಳು. ಆದರೂ ಇದನ್ನು ಓದಿದಳು. ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತಳು. ಶೇವಂತಾಬಾಯಿ ಪಕ್ಕದಲ್ಲಿ ಕೂತಳು. ಚಹಾ ತರಿಸಿ, ಒಂದೇ ಬಸಿಯಲ್ಲಿ ಹಂಚಿಕೊಂಡು ಕುಡಿದಳು. “ಹೋಗ್ರಿ,” ಎಂದಳು ಕೊನೆಗೆ, “ನಿಮಗ ಇನ್ನೂ ಹೊತ್ತದ.”

ಭಿಕಾಜಿ ಘಡಿ ಖಾತೆಗೆ ಹೋದ. ಉಸಿರು ಪೂರ್ತಿ ಮರಳಲಿಲ್ಲ, ಇನ್ನಷ್ಟು ಕೆಡಲೂ ಇಲ್ಲ. ಹನ್ನೆರಡು ವರ್ಷ ಬದುಕಿದ. ಡಾಕ್ಟರ್ ರೇಗೆ ಅಲ್ಲಿಂದ ಮುಂದೆ ತಮಗೆ ಸಂಶಯ ಬಂದವರನ್ನೆಲ್ಲ ತಾವಾಗಿಯೇ ನಮ್ಮಲ್ಲಿಗೆ ಕಳಿಸತೊಡಗಿದರು. ಚೀಟಿಯ ಮೇಲೆ ‘ಬಾಯಿಯವರಿಗೆ’ ಎಂದು ಬರೆದಿರುತ್ತಿತ್ತು, ವಿಭಾಗದ ಹೆಸರಲ್ಲ.

ಎಪ್ಪತ್ತೊಂಬತ್ತರಲ್ಲಿ ಗಾಜಿನ ದೊಡ್ಡ ಪೆಟ್ಟಿಗೆಯೊಂದು ಬಂತು. ರೋಗಿ ಅದರೊಳಗೆ ಕೂತು ಉಸಿರಾಡಿದರೆ ಸಾಕು, ನುಂಗಬೇಕಾದ್ದಿಲ್ಲ. ನಮ್ಮ ಕೋಣೆಯಲ್ಲಿ ನಳಿಕೆಗಳು ಒಣಗಿ ಬಿರುಕು ಬಿಟ್ಟವು. ಒಂದೊಂದಾಗಿ ಭೋಂಗಾಗಳೂ ನಿಂತವು; ಹೊತ್ತು ತಿಳಿಯಲು ನಾನು ಕೈಗಡಿಯಾರ ನೋಡುವುದನ್ನು ಕಲಿತೆ. ಎಂಬತ್ತೇಳರಲ್ಲಿ ಶೇವಂತಾಬಾಯಿ ನಿವೃತ್ತಳಾಗಿ ಮಗಳ ಊರಿಗೆ ಹೋದಳು. ನಾಲ್ಕು ವರ್ಷದ ಮೇಲೆ ಸಾವಂತವಾಡಿಗೆ ಒಂದು ಮದುವೆಗೆ ಹೋದಾಗ ಹುಡುಕಿಕೊಂಡು ಹೋಗಿ ಕಂಡೆ. ಜಗಲಿಯ ಮೇಲೆ ಕೋಕಂ ಸಿಪ್ಪೆ ಒಣಹಾಕುತ್ತಿದ್ದಳು. ಕಾಲು ಇನ್ನಷ್ಟು ಹೊರಕ್ಕೆ ಬೀಳುತ್ತಿತ್ತು.

“ಆ ಗಾಜಿನ ಪೆಟ್ಟಿಗಿ ಹೆಂಗ ನಡದದ ಡಾಕ್ಟರೇ?”

“ಚೆನ್ನಾಗಿ ನಡೆದಿದೆ ಬಾಯಿ. ನಿಮ್ಮನ್ನೇ ಎಲ್ಲರೂ ನೆನೀತಾರೆ.” ಎರಡನೆಯ ಮಾತು ಸುಳ್ಳಾಗಿತ್ತು, ನೆನೆಯಬೇಕಾದವರು ಹೆಚ್ಚಿನವರು ಉಳಿದಿರಲಿಲ್ಲ.

“ಛಲೋ ಆತು. ಮಂದಿಗೆ ತ್ರಾಸು ತಪ್ಪಿತು, ಹೌದಿಲ್ಲೋ?” ಎಂದು, ಎಂದಿನಂತೆ ಉತ್ತರಕ್ಕೆ ಕಾಯದೆ ಒಳಗೆ ಎದ್ದುಹೋಗಿ ಶರಬತ್ತು ತಂದಳು. ಇಪ್ಪತ್ತು ವರ್ಷದ ತನ್ನ ಕೌಶಲ ಬೇಡವಾದದ್ದಕ್ಕೆ ಆಕೆಯ ದನಿಯಲ್ಲಿ ಖೇದದ ಎಳೆ ಇದೆಯೋ ಎಂದು ನಾನು ಹುಡುಕಿದೆ. ಇರಲಿಲ್ಲ. ಮೂರು ವರ್ಷದ ಮೇಲೆ, ಬಾಯಿ ತೀರಿಕೊಂಡಳೆಂದು ಮಗಳು ಬರೆದ ಕಾರ್ಡು ಬಂತು.

ಹುಟ್ಟಿನಿಂದಲೇ ಮೃದುವಾದ ಹೃದಯದ ಅನೇಕರನ್ನು ನಾನು ಆಸ್ಪತ್ರೆಗಳಲ್ಲಿ ಕಂಡಿದ್ದೇನೆ. ಅವರಲ್ಲಿ ಬಹಳ ಜನ ಹತ್ತು ವರ್ಷದೊಳಗೆ ದಣಿದು ಗಡಸಾಗುತ್ತಾರೆ, ಅದರಲ್ಲಿ ತಪ್ಪೂ ಇಲ್ಲ. ಆದರೆ ಒಮ್ಮೆ, ಯಾರೋ ಹತ್ತಿರದವರೊಬ್ಬರ ಮಾತನ್ನು ನಂಬದೆ ಹೋಗಿ, ಆ ತಪ್ಪನ್ನು ಹೇಳಿಕೊಳ್ಳಲು ಆ ಮನುಷ್ಯನೇ ಉಳಿಯದೆ, ದಾರಿಯಲ್ಲಿ ಸಿಕ್ಕ ಅಪರಿಚಿತರನ್ನೆಲ್ಲ ನಂಬುತ್ತ ಆಯುಷ್ಯ ಸವೆಸುವ ಜನ ಬೇರೆ. ಅವರ ಕರುಣೆಗೆ ಸಿಹಿಮಾತು ಬಾರದು, ಹೊಗಳಿಕೆ ಬೇಡ, ದಣಿವೂ ಇಲ್ಲ. ಅವರು ಅದನ್ನು ಗುಣವೆಂದೇ ತಿಳಿದಿರುವುದಿಲ್ಲ. ದುರ್ಬಲನೊಬ್ಬ ತನ್ನ ನೋವು ನಿಜವೆಂದು ಬಲ್ಲವರೆದುರು ಸಾಬೀತುಪಡಿಸಬೇಕಾಗಿ ಬರುವ ಜಾಗಗಳು ಈ ಲೋಕದಲ್ಲಿ ಬಹಳ ಇವೆ. ಅಂಥ ಕಡೆಯಲ್ಲೆಲ್ಲ, ಮೇಜಿನ ಆಚೆ ಬದಿಗೆ, ಇಂಥವರೊಬ್ಬರು ಹೇಗೋ ಬಂದು ಸೇರಿಕೊಂಡಿರುತ್ತಾರೆ. ಆ ಬಡವ ಬಾಯಿ ಬಿಡುವ ಮೊದಲೇ ಅವನನ್ನು ನಂಬಿ, ಆಮೇಲೆ ಅಳೆಯಲು ಕೂರುತ್ತಾರೆ.